ಅಫ್ಘಾನಿಸ್ತಾನದ ಮಕ್ಕಳ ಕ್ರಿಕೆಟ್ ಮತ್ತು ಸೇವಾಕಾರ್ಯ

ಅಫ್ಘಾನಿಸ್ತಾನದ ಮಕ್ಕಳಿಗೆ ಕ್ರಿಕೆಟ್ ಆಡಲು ಜಾಗ, ಸಲಕರಣೆ ಮತ್ತು ತರಬೇತಿ ಒದಗಿಸುವ ಕೆಲಸ 2001ರ ನಂತರ ಹಲವು ಸೇವಾಸಂಸ್ಥೆಗಳ ಕೈಯಲ್ಲಿ ಬೆಳೆಯಿತು. ಬ್ರಿಟನ್ನಿನ ಅಫ್ಘಾನ್ ಕನೆಕ್ಷನ್, ಲಂಡನ್ನಿನ ಮೇರಿಲಬೋನ್ ಕ್ರಿಕೆಟ್ ಕ್ಲಬ್ (ಎಂಸಿಸಿ) ಮತ್ತು ಅದರ ಪ್ರತಿಷ್ಠಾನ, ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್, ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ಮತ್ತು ಅಫ್ಘನ್ ಆಟಗಾರರೇ ಕಟ್ಟಿದ ಸಂಸ್ಥೆಗಳು ಇದರಲ್ಲಿ ಮುಖ್ಯವಾದವು. ಆಟವನ್ನು ಆ ದೇಶಕ್ಕೆ ತಂದವರು ಇವರಲ್ಲ. ಪಾಕಿಸ್ತಾನದ ನಿರಾಶ್ರಿತ ಶಿಬಿರಗಳಲ್ಲಿ ಬೆಳೆದ ಹುಡುಗರು ಅದನ್ನು ಆಗಲೇ ತಮ್ಮದಾಗಿಸಿಕೊಂಡಿದ್ದರು. ಮಕ್ಕಳಲ್ಲಿ ಆಗಲೇ ಇದ್ದ ಹುಚ್ಚನ್ನು ಶಾಲೆಯ ಅಂಗಳಕ್ಕೆ ಕರೆತಂದು, ಆಟದ ನೆಪದಲ್ಲಿ ಓದನ್ನೂ ಗಟ್ಟಿಮಾಡಿದ್ದು ಸೇವಾಸಂಸ್ಥೆಗಳ ನಿಜವಾದ ಕೊಡುಗೆ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಈ ಕೆಲಸದ ಅರ್ಧ ಭಾಗ, ಅಂದರೆ ಹೆಣ್ಣುಮಕ್ಕಳ ಪಾಲಿನದು, ದೇಶದೊಳಗೆ ನಿಂತುಹೋಗಿದೆ.

ಹಿನ್ನೆಲೆ

1839ರಲ್ಲಿ ಕಾಬೂಲಿಗೆ ಬಂದ ಬ್ರಿಟಿಷ್ ಸೈನಿಕರು ಅಲ್ಲಿ ಕ್ರಿಕೆಟ್ ಆಡಿದ ದಾಖಲೆಯಿದೆ. ಆದರೆ ಭಾರತದಲ್ಲಿ ಆದಂತೆ ಆಟ ಅಲ್ಲಿ ಬೇರು ಬಿಡಲಿಲ್ಲ. ಮುಂದಿನ ನೂರು ವರ್ಷಗಳಿಗೂ ಹೆಚ್ಚು ಕಾಲ ಅಫ್ಘಾನಿಸ್ತಾನದ ಆಟಗಳೆಂದರೆ ಕುದುರೆ ಸವಾರರ ಬುಜ್‌ಕಶಿ, ಕುಸ್ತಿ, ಗಾಳಿಪಟ ಮತ್ತು ಆಮೇಲೆ ಬಂದ ಫುಟ್‌ಬಾಲ್.

1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಒಳನುಗ್ಗಿದಾಗ ಜನ ಗುಂಪು ಗುಂಪಾಗಿ ಗಡಿ ದಾಟಿದರು. 1990ರ ಹೊತ್ತಿಗೆ ಪಾಕಿಸ್ತಾನ ಮತ್ತು ಇರಾನ್‌ಗಳಲ್ಲಿ ನೆಲೆಸಿದ್ದ ಅಫ್ಘನ್ ನಿರಾಶ್ರಿತರ ಸಂಖ್ಯೆ 60 ಲಕ್ಷ ಮುಟ್ಟಿತ್ತು. ಪೇಶಾವರದ ಸುತ್ತಲಿನ ಶಿಬಿರಗಳಲ್ಲಿ ಒಂದು ಇಡೀ ತಲೆಮಾರು ಹುಟ್ಟಿ ಬೆಳೆಯಿತು. ಮಣ್ಣಿನ ಗೋಡೆಯ ಮನೆಗಳು, ದಿನಸಿಗಾಗಿ ಸಾಲು, ಕೆಲಸವಿಲ್ಲದ ಹಿರಿಯರು. ಆ ಶಿಬಿರಗಳ ಹುಡುಗರು ಪಾಕಿಸ್ತಾನದ ಬೀದಿಗಳಲ್ಲಿ ನಡೆಯುತ್ತಿದ್ದ ಟೇಪ್ ಬಾಲ್ ಕ್ರಿಕೆಟ್ಟನ್ನು ನೋಡಿ ಕಲಿತರು. ಟೆನಿಸ್ ಚೆಂಡಿಗೆ ವಿದ್ಯುತ್ ತಂತಿಗೆ ಸುತ್ತುವ ಟೇಪನ್ನು ಬಿಗಿಯಾಗಿ ಸುತ್ತಿದರೆ ಅದು ತುಸು ಗಟ್ಟಿಯಾಗಿ, ವೇಗವಾಗಿ, ಗಾಳಿಯಲ್ಲಿ ಬಾಗಿ ಬರುತ್ತದೆ. ಪ್ಯಾಡು ಬೇಡ, ಗ್ಲೌಸು ಬೇಡ, ಹಸಿರು ಮೈದಾನವೂ ಬೇಡ. 1992ರಲ್ಲಿ ಇಮ್ರಾನ್ ಖಾನ್ ನಾಯಕತ್ವದ ಪಾಕಿಸ್ತಾನ ವಿಶ್ವಕಪ್ ಗೆದ್ದಾಗ ಶಿಬಿರಗಳಲ್ಲಿ ಈ ಹುಚ್ಚು ಇಮ್ಮಡಿಸಿತು.

ಪೇಶಾವರದ ಕಚ್ಚಾ ಗಢಿ ಶಿಬಿರದಲ್ಲಿ ತಾಜ್ ಮಲಿಕ್ ಎಂಬ ಯುವಕ ತನ್ನ ತಮ್ಮಂದಿರನ್ನೂ ನೆರೆಹೊರೆಯ ಹುಡುಗರನ್ನೂ ಸೇರಿಸಿ ತಂಡ ಕಟ್ಟಿದ. ಆ ತಮ್ಮಂದಿರಾದ ಕರೀಂ ಸಾದಿಕ್ ಮತ್ತು ಹಸ್ತಿ ಗುಲ್ ಮುಂದೆ ರಾಷ್ಟ್ರೀಯ ತಂಡದಲ್ಲಿ ಆಡಿದರು. ತಾಜ್ ಮಲಿಕ್ ಅದರ ತರಬೇತುದಾರನಾದ. 1995ರಲ್ಲಿ ಅಲ್ಲಾ ದಾದ್ ನೂರಿ ಮೊದಲಾದವರ ಪ್ರಯತ್ನದಿಂದ ಅಫ್ಘಾನಿಸ್ತಾನ ಕ್ರಿಕೆಟ್ ಒಕ್ಕೂಟ ಹುಟ್ಟಿಕೊಂಡಿತು. ಅನೇಕ ಮನರಂಜನೆಗಳನ್ನು ನಿಷೇಧಿಸಿದ್ದ ಮೊದಲ ತಾಲಿಬಾನ್ ಸರ್ಕಾರ 2000ದಲ್ಲಿ ಕ್ರಿಕೆಟ್‌ಗೆ ಅನುಮತಿ ಕೊಟ್ಟಿತು, 2001ರಲ್ಲಿ ಐಸಿಸಿ ಆ ದೇಶವನ್ನು ಅಂಗಸದಸ್ಯನಾಗಿ ಸೇರಿಸಿಕೊಂಡಿತು.

ಈ ಹಿನ್ನೆಲೆಯನ್ನು ಮರೆತು ಮುಂದಿನ ಸೇವಾಕಾರ್ಯವನ್ನು ಅಳೆಯುವಂತಿಲ್ಲ. ಹೊರಗಿನಿಂದ ನೆರವು ತಂದವರಿಗೆ ಅಲ್ಲಿ ಆಟವನ್ನು ಹೇಳಿಕೊಡುವ ಅಗತ್ಯ ಬೀಳಲಿಲ್ಲ. ಮಕ್ಕಳು ಆಡುತ್ತಲೇ ಇದ್ದರು. ಅವರಿಗೆ ಬೇಕಾದದ್ದು ಅಪಾಯವಿಲ್ಲದ ಜಾಗ, ತಿಳಿದ ಗುರು ಮತ್ತು ನಾಳೆಯೂ ಬಾಗಿಲು ತೆರೆದಿರುವ ಶಾಲೆ.

2001ರ ನಂತರ: ಶಾಲೆಗೆ ಮರಳಿದ ಮಕ್ಕಳು

2001ರ ಕೊನೆಗೆ ತಾಲಿಬಾನ್ ಆಡಳಿತ ಕುಸಿದಾಗ ದೇಶದಲ್ಲಿ ಶಾಲೆಗೆ ಹೋಗುತ್ತಿದ್ದ ಮಕ್ಕಳ ಸಂಖ್ಯೆ ಸುಮಾರು 10 ಲಕ್ಷ, ಹೆಚ್ಚುಕಡಿಮೆ ಎಲ್ಲರೂ ಗಂಡುಮಕ್ಕಳು. ಮುಂದಿನ ಒಂದೂವರೆ ದಶಕದಲ್ಲಿ ಈ ಸಂಖ್ಯೆ 80 ಲಕ್ಷವನ್ನು ದಾಟಿತು. ಅವರಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಹೆಣ್ಣುಮಕ್ಕಳು. ಇಷ್ಟು ಮಕ್ಕಳನ್ನು ಹಿಡಿದಿಡುವ ಕಟ್ಟಡಗಳು ಇರಲಿಲ್ಲ. ಗುಡಾರದಡಿ, ಮರದಡಿ, ಬಯಲಲ್ಲಿ ಪಾಠ ನಡೆಯುತ್ತಿತ್ತು. ಕಟ್ಟಡವಿದ್ದ ಕಡೆ ದಿನಕ್ಕೆ ಎರಡು, ಮೂರು ಪಾಳಿ. ಆಟದ ಮೈದಾನ ಎಂಬುದು ಯಾರ ಪಟ್ಟಿಯಲ್ಲೂ ಮೇಲಿನ ಸಾಲಿನಲ್ಲಿ ಇರಲಿಲ್ಲ.

ಅದೇ ಹೊತ್ತಿಗೆ ಲಕ್ಷಾಂತರ ಕುಟುಂಬಗಳು ಪಾಕಿಸ್ತಾನದಿಂದ ಮರಳಿದವು. ಅವುಗಳೊಂದಿಗೆ ಬ್ಯಾಟೂ ಬಂತು. ನಂಗರ್‌ಹಾರ್, ಖೋಸ್ತ್, ಕುನಾರ್, ಲಘ್ಮಾನ್, ಪಕ್ತಿಯಾ ಮುಂತಾದ ಪೂರ್ವದ ಪ್ರಾಂತಗಳಲ್ಲಿ, ಕಾಬೂಲಿನ ಮತ್ತು ಕಂದಹಾರದ ಬಯಲುಗಳಲ್ಲಿ ಹುಡುಗರು ಕಲ್ಲಿನ ಗೂಟ ನಿಲ್ಲಿಸಿ ಆಡತೊಡಗಿದರು. ಆದರೆ ಆ ಬಯಲುಗಳೇ ಅಪಾಯದ ತಾಣಗಳು. ದಶಕಗಳ ಯುದ್ಧ ಬಿಟ್ಟುಹೋದ ನೆಲಬಾಂಬುಗಳು ಮತ್ತು ಸಿಡಿಯದೆ ಉಳಿದ ಮದ್ದುಗುಂಡುಗಳಿಗೆ ಬಲಿಯಾಗುವವರಲ್ಲಿ ಆಡುವ, ದನಕುರಿ ಮೇಯಿಸುವ, ಸೌದೆ ಆಯುವ ಮಕ್ಕಳದೇ ದೊಡ್ಡ ಪಾಲು. ಶಾಲೆಯ ಕಾಂಪೌಂಡಿನೊಳಗೆ ಒಂದು ಪಿಚ್ ಇದ್ದರೆ ಮಗು ಆಡುವ ನೆಲದ ಬಗ್ಗೆ ತಾಯಿ ನಿಶ್ಚಿಂತೆಯಿಂದ ಇರಬಹುದಿತ್ತು. ಬೇರೆ ದೇಶದಲ್ಲಿ ಸೌಕರ್ಯ ಎನ್ನಿಸಿಕೊಳ್ಳುವ ಮೈದಾನ ಇಲ್ಲಿ ಮಕ್ಕಳ ಜೀವರಕ್ಷಣೆಯ ಮಾತಾಗಿತ್ತು.

ಅಫ್ಘಾನ್ ಕನೆಕ್ಷನ್ ಮತ್ತು ಎಂಸಿಸಿ

ಈ ಕ್ಷೇತ್ರದಲ್ಲಿ ಬಹುಕಾಲ, ವಿಸ್ತಾರವಾಗಿ ದುಡಿದದ್ದು ಅಫ್ಘಾನ್ ಕನೆಕ್ಷನ್ ಎಂಬ ಸಣ್ಣ ಬ್ರಿಟಿಷ್ ಸೇವಾಸಂಸ್ಥೆ. ವೈದ್ಯೆ ಸಾರಾ ಫೇನ್ ಇದನ್ನು 2002ರಲ್ಲಿ ಸ್ಥಾಪಿಸಿದರು. 1980ರ ದಶಕದಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ, ಅವರು ಅಫ್ಘನ್ನರ ನಡುವೆ ವೈದ್ಯಕೀಯ ಕೆಲಸ ಮಾಡಿದ್ದರು. ಆರೋಗ್ಯದಿಂದ ಶುರುವಾದ ಸಂಸ್ಥೆಯ ಕೆಲಸ ಬೇಗನೆ ಶಿಕ್ಷಣದತ್ತ ತಿರುಗಿತು. ಶಾಲೆ ಕಟ್ಟುವುದು, ಶಿಕ್ಷಕರಿಗೆ ತರಬೇತಿ ಕೊಡುವುದು, ಹೆಣ್ಣುಮಕ್ಕಳು ಓದು ಮುಗಿಸಿ ತಾವೇ ಶಿಕ್ಷಕಿಯರಾಗಲು ನೆರವಾಗುವುದು ಅದರ ಮುಖ್ಯ ಕಾರ್ಯಕ್ರಮಗಳು. ಅಫ್ಘಾನಿಸ್ತಾನದಲ್ಲಿ ಬಹುಕಾಲದಿಂದ ಬೇರೂರಿದ್ದ ಸ್ವೀಡಿಷ್ ಕಮಿಟಿ ಫಾರ್ ಅಫ್ಘಾನಿಸ್ತಾನ್ ಸಂಸ್ಥೆಯ ಜೊತೆಗೂಡಿ ಅದು ಶಾಲೆಗಳನ್ನು ಕಟ್ಟಿಸಿತು. ಈಶಾನ್ಯದ ತಖಾರ್ ಪ್ರಾಂತದ ಬೆಟ್ಟಗಾಡು ಜಿಲ್ಲೆಯಾದ ವರ್ಸಜ್ ಅದರ ಮುಖ್ಯ ಕಾರ್ಯಕ್ಷೇತ್ರವಾಗಿತ್ತು.

ಎಂಸಿಸಿಗೆ ಅಫ್ಘನ್ ಕ್ರಿಕೆಟ್ಟಿನ ಪರಿಚಯ ಮೊದಲೇ ಆಗಿತ್ತು. 2006ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದ ಪಂದ್ಯದಲ್ಲಿ ಇಂಗ್ಲೆಂಡಿನ ಮಾಜಿ ನಾಯಕ ಮೈಕ್ ಗ್ಯಾಟಿಂಗ್ ಇದ್ದ ಎಂಸಿಸಿ ತಂಡವನ್ನು ಅಫ್ಘನ್ ತಂಡ 171 ರನ್ನುಗಳಿಂದ ಸೋಲಿಸಿತು. ಮೊಹಮ್ಮದ್ ನಬಿ 116 ರನ್ ಹೊಡೆದಿದ್ದರು. ಇದಾದ ಮೇಲೆ ನಬಿ ಮತ್ತು ವೇಗಿ ಹಮೀದ್ ಹಸನ್ ಅವರಿಗೆ ಎಂಸಿಸಿಯ ಮೂಲಕ ಇಂಗ್ಲೆಂಡಿನಲ್ಲಿ ಆಡುವ ಅವಕಾಶ ಸಿಕ್ಕಿತು. ಪ್ರತಿಭೆ ಇದ್ದ ಒಬ್ಬಿಬ್ಬರನ್ನು ಕರೆತರುವುದರಿಂದ ಆರಂಭವಾದ ಈ ನಂಟು, ದಶಕ ಮುಗಿಯುವ ಹೊತ್ತಿಗೆ ಅಫ್ಘಾನ್ ಕನೆಕ್ಷನ್ ಜೊತೆಗಿನ ಪಾಲುದಾರಿಕೆಯಾಗಿ ಸಾವಿರಾರು ಮಕ್ಕಳನ್ನು ಮುಟ್ಟುವ ಕಾರ್ಯಕ್ರಮವಾಯಿತು. ಕ್ರಿಕೆಟ್ಟಿನ ನಿಯಮಗಳನ್ನು ಕಾಯುವ ಹಳೆಯ ಕ್ಲಬ್ಬು ಹಣ ಕೊಟ್ಟಿತು. ಹಳ್ಳಿಗಳ ಹಿರಿಯರ ನಂಬಿಕೆ ಗಳಿಸಿದ್ದ ಸಣ್ಣ ಸಂಸ್ಥೆ ಆ ಹಣವನ್ನು ನೆಲಕ್ಕೆ ಇಳಿಸಿತು. ಮುಂದೆ ಸಾರಾ ಫೇನ್ ಎಂಸಿಸಿ ಪ್ರತಿಷ್ಠಾನದ ನಿರ್ದೇಶಕಿಯೂ ಆದರು.

ಕೆಲಸದ ಬಗೆ

ಈ ಕಾರ್ಯಕ್ರಮಗಳಲ್ಲಿ ನಾಲ್ಕು ಅಂಗಗಳನ್ನು ಗುರುತಿಸಬಹುದು.

ಮೊದಲನೆಯದು ಪಿಚ್. ಅಫ್ಘಾನಿಸ್ತಾನದ ಬಹುಭಾಗ ಒಣನೆಲ. ಹುಲ್ಲಿನ ಪಿಚ್ಚಿಗೆ ಬೇಕಾದ ನೀರು, ರೋಲರ್, ದಿನನಿತ್ಯ ನೋಡಿಕೊಳ್ಳುವ ಆಳು ಹಳ್ಳಿಯ ಶಾಲೆಗೆ ಎಟುಕುವುದಿಲ್ಲ. ಆದ್ದರಿಂದ ಶಾಲೆಯ ಅಂಗಳದಲ್ಲಿ ಕಾಂಕ್ರೀಟ್ ಹಾಸಿ ಪಿಚ್ ಮಾಡುವುದು ರೂಢಿಯಾಯಿತು. ಒಮ್ಮೆ ಹಾಸಿದರೆ ಅದು ವರ್ಷಗಟ್ಟಲೆ ಬಾಳುತ್ತದೆ. ಬೇಕೆನಿಸಿದಾಗ ಮೇಲೆ ಮ್ಯಾಟು ಹರಡಬಹುದು. ಸ್ಥಳೀಯ ಗಾರೆಯವರೇ ಇದನ್ನು ಮಾಡಬಲ್ಲರು. ಎಂಸಿಸಿಯ ನೆರವಿನಿಂದ ಹತ್ತಾರು ಶಾಲೆಗಳಲ್ಲಿ ಇಂಥ ಪಿಚ್ಚುಗಳು ಸಿದ್ಧವಾದವು.

ಎರಡನೆಯದು ಸಲಕರಣೆ. ಟೇಪ್ ಚೆಂಡಿನಲ್ಲಿ ಆಡಿ ಬೆಳೆದ ಹುಡುಗ ಚರ್ಮದ ಚೆಂಡನ್ನು ಎದುರಿಸಬೇಕಾದರೆ ಪ್ಯಾಡು, ಗ್ಲೌಸು, ಹೆಲ್ಮೆಟ್ಟು, ಸರಿಯಾದ ಅಳತೆಯ ಬ್ಯಾಟು ಬೇಕು. ಬಡ ಕುಟುಂಬಕ್ಕೆ ಇದು ಕನಸಿನ ಮಾತು. ಒಂದು ಶಾಲೆಗೆ ಒಂದು ಕಿಟ್ ಸಿಕ್ಕರೆ ನೂರಾರು ಮಕ್ಕಳು ಸರದಿಯಲ್ಲಿ ಬಳಸಬಹುದು.

ಮೂರನೆಯದು ಶಿಬಿರ. ರಜೆಯ ದಿನಗಳಲ್ಲಿ ಅಥವಾ ಶಾಲೆ ಮುಗಿದ ಮೇಲೆ ಸುತ್ತಲಿನ ಶಾಲೆಗಳ ಮಕ್ಕಳನ್ನು ಒಂದೆಡೆ ಸೇರಿಸಿ, ಅನುಭವಿ ಆಟಗಾರರಿಂದ ಪಾಠ ಹೇಳಿಸಿ, ಕೊನೆಗೆ ಪಂದ್ಯಾವಳಿ ನಡೆಸುವುದು ಕ್ರಮ. ಒಂದು ಕಣಿವೆಯ ಮಕ್ಕಳು ಇನ್ನೊಂದು ಕಣಿವೆಯ ಮಕ್ಕಳನ್ನು ಮೊದಲ ಬಾರಿ ಭೇಟಿಯಾಗುವ ಸಂದರ್ಭವೂ ಇದೇ ಆಗಿರುತ್ತಿತ್ತು. ಚಳಿ ಪ್ರದೇಶದ ಶಾಲೆಗಳಿಗೆ ಡಿಸೆಂಬರ್‌ನಿಂದ ಮೂರು ತಿಂಗಳು ರಜೆ. ಹಿಮ ಕರಗಿದ ಮೇಲೆಯೇ ಅಲ್ಲಿ ಆಟದ ಋತು.

ನಾಲ್ಕನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು, ಶಿಕ್ಷಕರ ತರಬೇತಿ. ಹೊರಗಿನಿಂದ ಬಂದ ತರಬೇತುದಾರ ವಾರ ಕಳೆದರೆ ಹೊರಟುಹೋಗುತ್ತಾನೆ. ಶಾಲೆಯ ಮೇಷ್ಟರಿಗೇ ಬೌಲಿಂಗ್, ಬ್ಯಾಟಿಂಗ್, ಫೀಲ್ಡಿಂಗಿನ ಮೂಲಪಾಠ, ಅಂಪೈರಿಂಗ್ ಮತ್ತು ಮಕ್ಕಳನ್ನು ನಡೆಸಿಕೊಳ್ಳುವ ರೀತಿ ಕಲಿಸಿದರೆ ಆಟ ಊರಲ್ಲಿ ಉಳಿಯುತ್ತದೆ. ಎಂಸಿಸಿ ಪ್ರಚಾರ ಮಾಡುವ ‘ಸ್ಪಿರಿಟ್ ಆಫ್ ಕ್ರಿಕೆಟ್’, ಅಂದರೆ ಎದುರಾಳಿಯನ್ನು ಗೌರವಿಸುವುದು, ಅಂಪೈರನ ತೀರ್ಪಿಗೆ ತಲೆಬಾಗುವುದು, ಸೋತಾಗ ಕೈಕುಲುಕುವುದು, ಈ ಪಾಠಗಳ ಭಾಗವಾಗಿತ್ತು. ಬಂದೂಕಿನಿಂದ ತಗಾದೆ ತೀರಿಸಿಕೊಂಡವರ ನಡುವೆ ಬೆಳೆದ ಮಕ್ಕಳಿಗೆ, ನಿಯಮಕ್ಕೆ ಒಪ್ಪಿ ಗೆಲ್ಲುವುದೂ ಸೋಲುವುದೂ ಸಾಧ್ಯ ಎಂಬುದನ್ನು ಮೈಯಿಂದಲೇ ಕಲಿಸುವ ಪಾಠ ಅದು.

ಭೂಗೋಳ ಮತ್ತು ಸಮುದಾಯಗಳು

ಕ್ರಿಕೆಟ್ ಪಾಕಿಸ್ತಾನದಿಂದ ಮರಳಿದವರ ಜೊತೆ ಬಂದ ಆಟವಾದ್ದರಿಂದ ಮೊದಮೊದಲು ಅದು ಪೂರ್ವ ಮತ್ತು ದಕ್ಷಿಣದ ಪಶ್ತೂನರ ಆಟವಾಗಿ ಉಳಿದಿತ್ತು. ಇರಾನ್‌ನಿಂದ ಮರಳಿದ ಕುಟುಂಬಗಳಿಗೂ, ಉತ್ತರದ ತಾಜಿಕ್ ಮತ್ತು ಉಜ್ಬೆಕ್ ಸಮುದಾಯಗಳಿಗೂ, ನಡುನಾಡಿನ ಹಜಾರಾಗಳಿಗೂ ಫುಟ್‌ಬಾಲ್ ಹತ್ತಿರವಾಗಿತ್ತು. ತಖಾರ್‌ನಂಥ ಉತ್ತರದ ಪ್ರಾಂತಗಳ ಶಾಲೆಗಳಲ್ಲಿ ಪಿಚ್ ಹಾಸುವುದು, ಶಿಬಿರ ನಡೆಸುವುದು ಇದರಿಂದಾಗಿ ದೊಡ್ಡ ಅರ್ಥ ಪಡೆದುಕೊಂಡಿತು: ಆಟ ಸಮುದಾಯಗಳ ನಡುವಿನ ಗೆರೆಗಳನ್ನು ದಾಟತೊಡಗಿತು. ರಾಷ್ಟ್ರೀಯ ತಂಡ ಗೆಲ್ಲುತ್ತ ಹೋದಂತೆ ಈ ಗೆರೆಗಳು ಇನ್ನಷ್ಟು ಮಸುಕಾದವು. 2015ರ ಫೆಬ್ರುವರಿ 26ರಂದು ಡ್ಯುನೆಡಿನ್‌ನಲ್ಲಿ ಸ್ಕಾಟ್ಲೆಂಡನ್ನು ಒಂದು ವಿಕೆಟ್‌ನಿಂದ ಸೋಲಿಸಿ ವಿಶ್ವಕಪ್ಪಿನ ಮೊದಲ ಜಯ ಪಡೆದಾಗ ದೇಶದ ಉದ್ದಗಲಕ್ಕೂ ಜನ ಬೀದಿಗಿಳಿದು ಕುಣಿದರು. ಭಾಷೆ, ಬುಡಕಟ್ಟುಗಳಲ್ಲಿ ಹಂಚಿಹೋದ ದೇಶದಲ್ಲಿ ಎಲ್ಲರೂ ಒಟ್ಟಿಗೆ ಸಂಭ್ರಮಿಸುವ ಸಂಗತಿಗಳು ಹೆಚ್ಚಿಲ್ಲ. ಕ್ರಿಕೆಟ್ ಅಂಥ ಒಂದಾಯಿತು.

ಈ ವೇಗದ ಬೆಳವಣಿಗೆಯ ಮಜಲುಗಳು ಹೀಗಿವೆ: 2008ರಲ್ಲಿ ಜೆರ್ಸಿ ದ್ವೀಪದಲ್ಲಿ ವಿಶ್ವ ಕ್ರಿಕೆಟ್ ಲೀಗ್‌ನ ಐದನೆಯ ವಿಭಾಗದ ಗೆಲುವು, 2009ರ ಏಪ್ರಿಲ್‌ನಲ್ಲಿ ಏಕದಿನ ಮಾನ್ಯತೆ, 2010ರಲ್ಲಿ ಟಿ20 ವಿಶ್ವಕಪ್ ಪ್ರವೇಶ, 2013ರಲ್ಲಿ ಐಸಿಸಿಯ ಸಹಸದಸ್ಯತ್ವ, 2017ರ ಜೂನ್ 22ರಂದು ಐರ್ಲೆಂಡ್ ಜೊತೆಗೆ ಪೂರ್ಣ ಸದಸ್ಯತ್ವ, 2024ರ ಟಿ20 ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ ತಂಡಗಳನ್ನು ಮಣಿಸಿ ಸೆಮಿಫೈನಲ್. ಕಿರಿಯರ ಸಾಧನೆಯೂ ಕಡಿಮೆಯದಲ್ಲ. 2017ರಲ್ಲಿ ಕ್ವಾಲಾಲಂಪುರದ 19 ವರ್ಷದೊಳಗಿನವರ ಏಷ್ಯಾಕಪ್ ಫೈನಲ್‌ನಲ್ಲಿ ಅವರು ಪಾಕಿಸ್ತಾನವನ್ನು 185 ರನ್ನುಗಳಿಂದ ಸೋಲಿಸಿದರು. 2018ರ ಕಿರಿಯರ ವಿಶ್ವಕಪ್ಪಿನಲ್ಲಿ ಸೆಮಿಫೈನಲ್ ತಲುಪಿದರು. ಈ ಗೆಲುವುಗಳ ಮುಖ್ಯ ಶ್ರೇಯ ಆಟಗಾರರದು, ಅವರ ಮಂಡಳಿಯದು, ಏಷ್ಯನ್ ಕ್ರಿಕೆಟ್ ಕೌನ್ಸಿಲ್‌ನ ನೆರವಿನದು. ಸೇವಾಸಂಸ್ಥೆಗಳ ಗುರಿ ತಾರೆಗಳನ್ನು ರೂಪಿಸುವುದಾಗಿರಲಿಲ್ಲ. ಎಂದೂ ರಾಷ್ಟ್ರೀಯ ತಂಡಕ್ಕೆ ಹೋಗದ ಮಗುವಿಗೂ ಆಟದ ಸುಖ ಸಿಗಲಿ ಎಂಬುದಾಗಿತ್ತು.

ಆಟಗಾರರು ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳು

ಶಿಬಿರದ ಧೂಳಿನಿಂದ ಎದ್ದು ಬಂದ ಆಟಗಾರರಿಗೆ ತಮ್ಮ ಹಿಂದೆ ಉಳಿದವರ ನೆನಪು ಗಾಢವಾಗಿದೆ. ರಾಷ್ಟ್ರೀಯ ತಂಡದ ಮಾಜಿ ಆಟಗಾರ ರಯೀಸ್ ಅಹ್ಮದ್‌ಜಾಯಿ ಯುವಜನರಿಗಾಗಿ ಅಫ್ಘಾನ್ ಯೂತ್ ಕ್ರಿಕೆಟ್ ಸಪೋರ್ಟ್ ಆರ್ಗನೈಸೇಷನ್ ಎಂಬ ಸಂಸ್ಥೆ ಕಟ್ಟಿದರು. ನಂಗರ್‌ಹಾರ್‌ನ ರಶೀದ್ ಖಾನ್ ತಮ್ಮ ಹೆಸರಿನ ಪ್ರತಿಷ್ಠಾನದ ಮೂಲಕ ಸಹಾಯಕಾರ್ಯ ನಡೆಸುತ್ತಾರೆ. 2023ರ ಅಕ್ಟೋಬರ್ 7ರಂದು ಹೆರಾತ್‌ನಲ್ಲಿ ಭೂಕಂಪವಾಗಿ ಹಳ್ಳಿಗಳೇ ನೆಲಸಮವಾದಾಗ, ಭಾರತದಲ್ಲಿ ವಿಶ್ವಕಪ್ ಆಡುತ್ತಿದ್ದ ರಶೀದ್ ತಮ್ಮ ಪಂದ್ಯ ಸಂಭಾವನೆಯನ್ನೆಲ್ಲ ಸಂತ್ರಸ್ತರಿಗೆ ಕೊಡುವುದಾಗಿ ಪ್ರಕಟಿಸಿದರು. ಅದೇ ತಿಂಗಳ 15ರಂದು ದೆಹಲಿಯಲ್ಲಿ ಇಂಗ್ಲೆಂಡನ್ನು ಸೋಲಿಸಿದ ಪಂದ್ಯದ ಶ್ರೇಷ್ಠ ಆಟಗಾರ ಮುಜೀಬ್ ಉರ್ ರಹಮಾನ್ ಪ್ರಶಸ್ತಿಯನ್ನು ಹೆರಾತ್‌ನ ಜನರಿಗೆ ಅರ್ಪಿಸಿದರು. 23ರಂದು ಚೆನ್ನೈಯಲ್ಲಿ ಪಾಕಿಸ್ತಾನವನ್ನು ಮಣಿಸಿದಾಗ ಇಬ್ರಾಹಿಂ ಜದ್ರಾನ್ ತಮ್ಮ ಪ್ರಶಸ್ತಿಯನ್ನು ಪಾಕಿಸ್ತಾನದಿಂದ ಹಿಂದಕ್ಕೆ ಕಳಿಸಲಾಗುತ್ತಿದ್ದ ನಿರಾಶ್ರಿತರಿಗೆ ಅರ್ಪಿಸಿದರು. ನಿರಾಶ್ರಿತರ ಆಟವಾಗಿ ಹುಟ್ಟಿದ ಕ್ರಿಕೆಟ್ ನಿರಾಶ್ರಿತರ ದನಿಯೂ ಆದ ದಿನ ಅದು.

ಯುನಿಸೆಫ್ ಮತ್ತು ಐಸಿಸಿಗಳ ಪಾಲುದಾರಿಕೆಯಲ್ಲಿ ಅಫ್ಘಾನಿಸ್ತಾನಕ್ಕೆ ವಿಶೇಷ ಸ್ಥಾನ ಸಿಕ್ಕಿತ್ತು. 2019ರ ವಿಶ್ವಕಪ್ಪಿನಲ್ಲಿ, ಜೂನ್ 30ರಂದು ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಭಾರತ–ಇಂಗ್ಲೆಂಡ್ ಪಂದ್ಯವನ್ನು ಮಕ್ಕಳಿಗಾಗಿ ನಿಧಿ ಸಂಗ್ರಹಿಸುವ ದಿನವಾಗಿ ಆಚರಿಸಲಾಯಿತು. ಇದರ ಮುಂದುವರಿಕೆಯಾಗಿ ಅಫ್ಘನ್ ಹೆಣ್ಣುಮಕ್ಕಳ ಕ್ರಿಕೆಟ್ಟಿಗೆ ನೆರವಾಗುವ ಯೋಜನೆಯೊಂದು ರೂಪುಗೊಂಡಿತು.

ಆಟದ ಮೂಲಕ ಮಕ್ಕಳನ್ನು ಶಾಲೆಗೆ ಸೆಳೆಯುವ ಉಪಾಯ ಕ್ರಿಕೆಟ್ಟಿಗಷ್ಟೇ ಸೀಮಿತವಾಗಿರಲಿಲ್ಲ. ಆಸ್ಟ್ರೇಲಿಯಾದ ಆಲಿವರ್ ಪರ್ಕೋವಿಚ್ ಕಾಬೂಲಿನಲ್ಲಿ 2007ರಲ್ಲಿ ಬೀದಿಮಕ್ಕಳಿಗೆ ಸ್ಕೇಟ್‌ಬೋರ್ಡ್ ಕಲಿಸಲು ಶುರುಮಾಡಿದ್ದು ಮುಂದೆ ಸ್ಕೇಟಿಸ್ತಾನ್ ಎಂಬ ಸಂಸ್ಥೆಯಾಯಿತು. ಸೈಕಲ್ ತುಳಿಯುವುದು ಹೆಣ್ಣುಮಕ್ಕಳಿಗೆ ತಕ್ಕುದಲ್ಲ ಎನ್ನುತ್ತಿದ್ದ ಸಮಾಜದಲ್ಲಿ, ಯಾರಿಗೂ ಪರಿಚಯವಿಲ್ಲದ ಸ್ಕೇಟ್‌ಬೋರ್ಡಿನ ಬಗ್ಗೆ ಅಂಥ ಕಟ್ಟುಪಾಡು ಇನ್ನೂ ಹುಟ್ಟಿರಲಿಲ್ಲ. ಕ್ರಿಕೆಟ್ಟಿನ ದಾರಿ ಇದಕ್ಕಿಂತ ಬೇರೆ. ಅದು ಜನಪ್ರಿಯ ಆಟ, ಗಂಡಸರ ಆಟವೆಂದು ಆಗಲೇ ಹೆಸರಾದದ್ದು. ಹೆಣ್ಣುಮಕ್ಕಳು ಅದರೊಳಗೆ ಜಾಗ ಕೇಳಿಯೇ ಪಡೆಯಬೇಕಿತ್ತು.

ಹೆಣ್ಣುಮಕ್ಕಳ ಕ್ರಿಕೆಟ್

ಪಾಕಿಸ್ತಾನದಲ್ಲಿ ನಿರಾಶ್ರಿತೆಯಾಗಿ ಬೆಳೆದು ಕಾಬೂಲಿಗೆ ಮರಳಿದ ಡಯಾನಾ ಬಾರಕ್‌ಜಾಯಿ ಹೆಣ್ಣುಮಕ್ಕಳನ್ನು ಒಟ್ಟುಗೂಡಿಸಿ ಆಡಿಸತೊಡಗಿದವರಲ್ಲಿ ಮೊದಲಿಗರು. 2010ರಲ್ಲಿ ಮಹಿಳಾ ತಂಡ ರೂಪುಗೊಂಡಿತು. ಬೆದರಿಕೆ, ಬಂಧುಗಳ ಆಕ್ಷೇಪ, ಬಯಲಲ್ಲಿ ಆಡಲಾಗದ ಸ್ಥಿತಿ ಎಲ್ಲವೂ ಎದುರಾದವು; 2014ರಲ್ಲಿ ತಂಡ ಚದುರಿತು. ಆದರೆ ಶಾಲೆಗಳಲ್ಲಿ ಆಟ ನಿಲ್ಲಲಿಲ್ಲ. ಎತ್ತರದ ಗೋಡೆಯಿರುವ ಹೆಣ್ಣುಮಕ್ಕಳ ಶಾಲೆಯ ಅಂಗಳದಲ್ಲಿ, ಶಿಕ್ಷಕಿಯರ ಕಣ್ಣಳತೆಯಲ್ಲಿ ಆಡಲು ಕುಟುಂಬಗಳು ಒಪ್ಪುತ್ತಿದ್ದವು. ಶಾಲೆ ಮತ್ತು ಆಟವನ್ನು ಒಂದಾಗಿಸಿದ ಸೇವಾಸಂಸ್ಥೆಗಳ ವಿಧಾನ ಹೆಣ್ಣುಮಕ್ಕಳ ಮಟ್ಟಿಗೆ ಇನ್ನೂ ಹೆಚ್ಚು ಫಲಕಾರಿಯಾದದ್ದು ಹೀಗೆ.

2020ರ ನವೆಂಬರ್‌ನಲ್ಲಿ ಅಫ್ಘಾನಿಸ್ತಾನ ಕ್ರಿಕೆಟ್ ಮಂಡಳಿ 25 ಆಟಗಾರ್ತಿಯರಿಗೆ ಕರಾರು ನೀಡಿತು. ಅವರು ದೇಶಕ್ಕಾಗಿ ಒಂದು ಪಂದ್ಯವನ್ನೂ ಆಡುವ ಮುನ್ನವೇ, 2021ರ ಆಗಸ್ಟ್ 15ರಂದು ಕಾಬೂಲು ತಾಲಿಬಾನ್ ವಶವಾಯಿತು. ಆಟಗಾರ್ತಿಯರು ತಮ್ಮ ಕಿಟ್ಟು, ಜೆರ್ಸಿ, ಪ್ರಮಾಣಪತ್ರಗಳನ್ನು ಬಚ್ಚಿಟ್ಟರು, ಕೆಲವರು ಸುಟ್ಟರು. ಆಸ್ಟ್ರೇಲಿಯಾದ ಮಾಜಿ ಆಟಗಾರ್ತಿ ಮೆಲ್ ಜೋನ್ಸ್ ಮತ್ತು ಅವರ ಜೊತೆಗಾರರ ಪ್ರಯತ್ನದಿಂದ ತಂಡದ ಬಹುತೇಕರು ಪಾಕಿಸ್ತಾನದ ದಾರಿಯಾಗಿ ಆಸ್ಟ್ರೇಲಿಯಾ ಸೇರಿ ಮೆಲ್ಬರ್ನ್ ಮತ್ತು ಕ್ಯಾನ್‌ಬೆರಾಗಳಲ್ಲಿ ನೆಲೆಸಿದರು. 2025ರ ಜನವರಿ 30ರಂದು ಮೆಲ್ಬರ್ನಿನ ಜಂಕ್ಷನ್ ಓವಲ್‌ನಲ್ಲಿ ಅವರು ಮತ್ತೆ ಒಂದು ತಂಡವಾಗಿ ಕಣಕ್ಕಿಳಿದರು. ಅದೇ ತಿಂಗಳು ಎಂಸಿಸಿ ಪ್ರತಿಷ್ಠಾನ ನಿರಾಶ್ರಿತ ಕ್ರಿಕೆಟಿಗರಿಗಾಗಿ ಜಾಗತಿಕ ನಿಧಿಯೊಂದನ್ನು ಸ್ಥಾಪಿಸಿತು. ಈ ಆಟಗಾರ್ತಿಯರು ಅದರ ಮೊದಲ ಫಲಾನುಭವಿಗಳು. ಏಪ್ರಿಲ್‌ನಲ್ಲಿ ಐಸಿಸಿ ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾ ಮಂಡಳಿಗಳ ಜೊತೆಗೂಡಿ ಇವರ ನೆರವಿಗೆ ಕಾರ್ಯಪಡೆ ರಚಿಸಿತು.

ದೇಶದೊಳಗೆ ಉಳಿದ ಹುಡುಗಿಯರ ಪಾಡು ಇದಕ್ಕಿಂತ ಕಠಿಣ. 2021ರ ಸೆಪ್ಟೆಂಬರ್‌ನಲ್ಲಿ ಪ್ರೌಢಶಾಲೆಗಳು ಗಂಡುಮಕ್ಕಳಿಗೆ ಮಾತ್ರ ತೆರೆದವು. ಆರನೆಯ ತರಗತಿಯ ನಂತರ ಹೆಣ್ಣುಮಕ್ಕಳ ಓದಿಗೆ ತಡೆ ಬಿತ್ತು. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು. ಅದೇ ತಿಂಗಳು ಸೇವಾಸಂಸ್ಥೆಗಳಲ್ಲಿ ಅಫ್ಘನ್ ಮಹಿಳೆಯರು ದುಡಿಯುವುದನ್ನು ನಿಷೇಧಿಸಲಾಯಿತು. ಹೆಣ್ಣುಮಕ್ಕಳ ಶಾಲೆಗೆ ಹೋಗಿ ಕೆಲಸ ಮಾಡಬಲ್ಲವರು ಮಹಿಳೆಯರೇ ಆದ್ದರಿಂದ ಈ ಒಂದು ಆದೇಶ ಅವರ ಕ್ರೀಡಾ ಕಾರ್ಯಕ್ರಮಗಳ ಬೆನ್ನೆಲುಬನ್ನೇ ಮುರಿಯಿತು.

ವಲಸೆ ಹೋದ ಮಕ್ಕಳ ನಡುವೆ

ಯುದ್ಧದಿಂದ ತಪ್ಪಿಸಿಕೊಂಡು ತಂದೆತಾಯಿ ಇಲ್ಲದೆ ಒಬ್ಬೊಬ್ಬರೇ ಯುರೋಪಿಗೆ ಬಂದ ಅಫ್ಘನ್ ಹುಡುಗರ ನಡುವೆಯೂ ಕ್ರಿಕೆಟ್ ಆಸರೆಯಾಯಿತು. ಬ್ರಿಕ್ಸ್‌ಟನ್ ಗಲಭೆಯ ಹಿನ್ನೆಲೆಯಲ್ಲಿ 1981ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಮುಂದೆ ಕ್ರಿಕೆಟ್ ಫಾರ್ ಚೇಂಜ್ ಎಂದು ಹೆಸರಾದ ಸಂಸ್ಥೆಯು ನಿರಾಶ್ರಿತರ ಹಿತ ಕಾಯುವ ರೆಫ್ಯೂಜಿ ಕೌನ್ಸಿಲ್ ಜೊತೆಗೂಡಿ 2009ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ನಿರಾಶ್ರಿತರ ಕ್ರಿಕೆಟ್ ಯೋಜನೆ ಆರಂಭಿಸಿತು. ಬಂದವರಲ್ಲಿ ಹೆಚ್ಚಿನವರು ಅಫ್ಘನ್ ಹದಿಹರೆಯದವರು. ಅಲ್ಲಿ ಒಂದೆಡೆ ನೆಟ್ಸ್, ಇನ್ನೊಂದೆಡೆ ಇಂಗ್ಲಿಷ್ ಪಾಠ, ಆಶ್ರಯದ ಅರ್ಜಿಗೆ ಕಾನೂನಿನ ಸಲಹೆ, ಮನಸ್ಸಿನ ಭಾರ ಹೇಳಿಕೊಳ್ಳಲು ಕಿವಿಗೊಡುವವರು. ಭಾಷೆ ಬಾರದ ನಾಡಿನಲ್ಲಿ ಆ ಹುಡುಗರಿಗೆ ಕೈಗೆ ಬಂದ ವಿದ್ಯೆ ಒಂದಿತ್ತು: ಚೆಂಡು ಎಸೆಯುವುದು. ಅದರ ಮೂಲಕ ಅವರು ಗೆಳೆಯರನ್ನೂ ಆತ್ಮವಿಶ್ವಾಸವನ್ನೂ ಪಡೆದರು.

2015ರ ವಲಸೆಯ ನಂತರ ಜರ್ಮನಿ ಮತ್ತು ಸ್ವೀಡನ್‌ಗಳಲ್ಲಿ ಕ್ರಿಕೆಟ್ ತಂಡಗಳ ಸಂಖ್ಯೆ ಒಮ್ಮೆಲೇ ಏರಿತು. ಊರ ಅಧಿಕಾರಿಗಳೂ ಸ್ವಯಂಸೇವಕರೂ ಹುಡುಗರು ಕೇಳುತ್ತಿರುವ ಆಟ ಯಾವುದೆಂದು ಮೊದಲು ತಿಳಿದುಕೊಳ್ಳಬೇಕಾಯಿತು. ಕೊಟ್ಟವರಿಗೂ ಕಲಿಯಲು ಏನಾದರೂ ಇದ್ದ ಕೆಲಸ ಇದು.

ಭಾರತ ಮತ್ತು ಕರ್ನಾಟಕದ ನಂಟು

ತವರಿನಲ್ಲಿ ಪಂದ್ಯ ನಡೆಸಲಾಗದ ಅಫ್ಘನ್ ತಂಡಕ್ಕೆ ಭಾರತ 2015ರಿಂದ ಗ್ರೇಟರ್ ನೋಯ್ಡಾ, ಆಮೇಲೆ ಡೆಹ್ರಾಡೂನ್ ಮತ್ತು ಲಖನೌಗಳಲ್ಲಿ ನೆಲೆ ಕೊಟ್ಟಿತು. ಕಂದಹಾರದಲ್ಲಿ ಕ್ರೀಡಾಂಗಣ ಕಟ್ಟಲು ಭಾರತ ಸರ್ಕಾರ 2014ರಲ್ಲಿ 10 ಲಕ್ಷ ಡಾಲರ್ ಮಂಜೂರು ಮಾಡಿತ್ತು. ಲಾಲ್‌ಚಂದ್ ರಜಪೂತ್ ತಂಡದ ತರಬೇತುದಾರರಾಗಿದ್ದರು. 2023ರ ವಿಶ್ವಕಪ್ಪಿಗೆ ಅಜಯ್ ಜಡೇಜಾ ಮಾರ್ಗದರ್ಶಕರಾಗಿದ್ದರು.

ಅಫ್ಘಾನಿಸ್ತಾನ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2018ರ ಜೂನ್ 14ರಂದು. ಭಾರತದ 474 ರನ್ನುಗಳಿಗೆ ಎದುರಾಗಿ 109 ಮತ್ತು 103ಕ್ಕೆ ಆಲೌಟಾಗಿ ಎರಡೇ ದಿನದಲ್ಲಿ ಸೋತಿತು. ಗೆದ್ದ ತಂಡದ ನಾಯಕ ಅಜಿಂಕ್ಯ ರಹಾನೆ ಟ್ರೋಫಿಯ ಜೊತೆಗಿನ ಚಿತ್ರಕ್ಕೆ ಅಫ್ಘನ್ ಆಟಗಾರರನ್ನೂ ಕರೆದು ನಿಲ್ಲಿಸಿಕೊಂಡರು. ಅದೇ ಮೈದಾನದಲ್ಲಿ 2024ರ ಜನವರಿ 17ರಂದು ಟಿ20 ಪಂದ್ಯ ತಲಾ 212 ರನ್ನುಗಳಿಗೆ ಸಮವಾಗಿ, ಮೊದಲ ಸೂಪರ್ ಓವರೂ ಸಮವಾಗಿ, ಎರಡನೆಯ ಸೂಪರ್ ಓವರಿನಲ್ಲಿ ಭಾರತ ಗೆದ್ದಿತು. ಆರು ವರ್ಷಗಳೊಳಗೆ ಈ ತಂಡ ಎಷ್ಟು ಬೆಳೆದಿತ್ತು ಎಂಬುದನ್ನು ಬೆಂಗಳೂರಿನ ಪ್ರೇಕ್ಷಕರು ಕಣ್ಣಾರೆ ಕಂಡರು.

ಅಪಾಯ ಮತ್ತು ಮಿತಿಗಳು

ಕ್ರಿಕೆಟ್ ಎಲ್ಲ ಪಕ್ಷದವರಿಗೂ ಪ್ರಿಯವಾದರೂ ಮೈದಾನಗಳಿಗೆ ಹಿಂಸೆಯಿಂದ ವಿನಾಯಿತಿ ಸಿಗಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಕಾಬೂಲ್ ಕ್ರೀಡಾಂಗಣದ ಬಳಿ ಆತ್ಮಹತ್ಯಾ ದಾಳಿ ನಡೆಯಿತು. 2018ರ ಮೇ ತಿಂಗಳಲ್ಲಿ, ರಂಜಾನ್ ಉಪವಾಸದ ರಾತ್ರಿ ಜಲಾಲಾಬಾದ್‌ನ ಪಂದ್ಯಾವಳಿಯಲ್ಲಿ ಬಾಂಬು ಸಿಡಿದು ಕನಿಷ್ಠ ಎಂಟು ಮಂದಿ ಸತ್ತರು. 2025ರ ಅಕ್ಟೋಬರ್‌ನಲ್ಲಿ ಪಕ್ತಿಕಾದ ಮೇಲೆ ನಡೆದ ವಾಯುದಾಳಿಯಲ್ಲಿ ಮೂವರು ಸ್ಥಳೀಯ ಕ್ರಿಕೆಟಿಗರು ಸತ್ತರೆಂದು ಅಫ್ಘನ್ ಮಂಡಳಿ ತಿಳಿಸಿತು.

ಸೇವಾಕಾರ್ಯಕ್ಕೆ ತನ್ನದೇ ಮಿತಿಗಳೂ ಇದ್ದವು. ದೇಣಿಗೆ ಬಂದಷ್ಟು ದಿನ ಕೆಲಸ. ನಿಂತರೆ ಕಿಟ್ಟು ಹರಿಯುತ್ತದೆ, ಬದಲಿ ಬರುವುದಿಲ್ಲ. ಕಾದಾಟ ತೀವ್ರವಾಗಿದ್ದ ಜಿಲ್ಲೆಗಳಿಗೆ ಸಂಸ್ಥೆಗಳು ಹೋಗಲಾಗಲಿಲ್ಲ; ಅಲ್ಲಿಯ ಮಕ್ಕಳಿಗೇ ಈ ನೆರವು ಹೆಚ್ಚು ಬೇಕಿತ್ತು. ಮನೆಯ ಸಂಪಾದನೆಗಾಗಿ ಇಟ್ಟಿಗೆ ಗೂಡಿನಲ್ಲಿ, ಜಮಖಾನೆಯ ಮಗ್ಗದಲ್ಲಿ ದುಡಿಯುವ ಮಗುವಿಗೆ ಶಾಲೆಯ ಅಂಗಳದ ಪಿಚ್ ದೂರವೇ ಉಳಿಯಿತು.

ಇಂದಿನ ದೊಡ್ಡ ಚರ್ಚೆ ಬಹಿಷ್ಕಾರದ್ದು. ಹೆಣ್ಣುಮಕ್ಕಳ ಮೇಲಿನ ನಿರ್ಬಂಧಗಳನ್ನು ಪ್ರತಿಭಟಿಸಿ ಆಸ್ಟ್ರೇಲಿಯಾ 2021ರಿಂದ ಅಫ್ಘಾನಿಸ್ತಾನದೊಡನೆ ದ್ವಿಪಕ್ಷೀಯ ಸರಣಿಗಳನ್ನು ಕೈಬಿಟ್ಟಿದೆ. ಐಸಿಸಿಯ ಪಂದ್ಯಾವಳಿಗಳಲ್ಲಿ ಮಾತ್ರ ಆಡುತ್ತದೆ. ಪೂರ್ಣ ಸದಸ್ಯನಾದ ದೇಶಕ್ಕೆ ಮಹಿಳಾ ತಂಡ ಇರಬೇಕೆಂಬ ನಿಯಮವನ್ನು ಐಸಿಸಿ ಕಟ್ಟುನಿಟ್ಟಾಗಿ ಜಾರಿ ಮಾಡಬೇಕೆಂದು ಕೆಲವರ ವಾದ. ತಂಡವನ್ನು ಹೊರಗಿಟ್ಟರೆ ನೋವುಣ್ಣುವವರು ಸರ್ಕಾರ ನಡೆಸುವವರಲ್ಲ, ರೇಡಿಯೊ ಮುಂದೆ ಕೂತ ಮಕ್ಕಳು ಎಂದು ಇನ್ನು ಕೆಲವರು. ರಶೀದ್ ಖಾನ್, ಮೊಹಮ್ಮದ್ ನಬಿ ಅವರಂಥ ಆಟಗಾರರು ಹೆಣ್ಣುಮಕ್ಕಳ ಶಿಕ್ಷಣದ ಪರವಾಗಿ ಬಹಿರಂಗವಾಗಿ ಮಾತಾಡಿದ್ದಾರೆ. ಹುಟ್ಟಿದ ನೆಲದಲ್ಲಿ ಮನೆಮಂದಿ ಇರುವಾಗ ಹಾಗೆ ಮಾತಾಡಲು ಬೇಕಾದ ಧೈರ್ಯ ಸಣ್ಣದಲ್ಲ.

ಮೌಲ್ಯಮಾಪನ

ಈ ಸೇವಾಕಾರ್ಯದ ಫಲವನ್ನು ರಾಷ್ಟ್ರೀಯ ತಂಡದ ಗೆಲುವಿನಲ್ಲಿ ಹುಡುಕಿದರೆ ಅದು ಸರಿಯಾಗಿ ಕಾಣುವುದಿಲ್ಲ. ಆ ಗೆಲುವು ನಿರಾಶ್ರಿತ ಹುಡುಗರ ಹಟದಿಂದ ಬಂದದ್ದು. ಆಟವನ್ನು ಬೀದಿಯಿಂದ ಶಾಲೆಗೆ ತಂದದ್ದು, ಅಪಾಯದ ಬಯಲಿನ ಬದಲು ಸುರಕ್ಷಿತ ಅಂಗಳ ಕೊಟ್ಟದ್ದು, ಪಶ್ತೂನರ ಊರುಗಳಾಚೆಗೆ ಅದನ್ನು ಒಯ್ದದ್ದು, ಊರ ಮೇಷ್ಟರನ್ನೇ ಗುರುವಾಗಿಸಿದ್ದು, ಹುಡುಗಿಯರ ಕೈಗೂ ಬ್ಯಾಟು ಕೊಟ್ಟದ್ದು ಸಂಸ್ಥೆಗಳ ಸಾಧನೆ. ಕಾಂಕ್ರೀಟಿನ ಪಿಚ್ಚುಗಳು ವರ್ಷಗಟ್ಟಲೆ ಬಾಳುವಂಥವು, ತರಬೇತಿ ಪಡೆದ ಶಿಕ್ಷಕರು ಊರಿನವರೇ. ಹುಡುಗರ ಮಟ್ಟಿಗೆ ಕೆಲಸ ಮುಂದುವರಿಸಲು ಅಡಿಪಾಯವಿದೆ.

ಹುಡುಗಿಯರ ಮಟ್ಟಿಗೆ ಆಟಕ್ಕಿಂತ ಮೊದಲು ಶಾಲೆಯ ಪ್ರಶ್ನೆ ಬಗೆಹರಿಯಬೇಕು. ಶಾಲೆಯೊಳಗೇ ಬೆಳೆದ ಅವರ ಕ್ರಿಕೆಟ್ ಶಾಲೆಯಿಲ್ಲದೆ ಮರುಹುಟ್ಟು ಪಡೆಯಲಾರದು. ದೇಶದ ಹೊರಗಿರುವ ಆಟಗಾರ್ತಿಯರಿಗೆ ಕೊಡುವ ನೆರವು ಅವರ ಬದುಕಿಗೆ ಅಗತ್ಯ. ತಾವೂ ಆಡಬಹುದಾಗಿತ್ತು, ಮುಂದೆಯೂ ಆಡಬಹುದು ಎಂಬುದಕ್ಕೆ ಒಳಗಿರುವ ಹುಡುಗಿಯರಿಗೆ ಅವರೇ ಸಾಕ್ಷಿ. ಆದ್ದರಿಂದ ಅಫ್ಘನ್ ಮಕ್ಕಳ ಕ್ರಿಕೆಟ್ಟಿಗೆ ಹಣ ಕೊಡುವ ಪ್ರತಿಯೊಂದು ಸಂಸ್ಥೆಯೂ, ಅವರ ತಂಡದ ಎದುರು ಆಡುವ ಪ್ರತಿಯೊಂದು ಮಂಡಳಿಯೂ, ಆರನೆಯ ತರಗತಿಯಾಚೆ ಹೆಣ್ಣುಮಕ್ಕಳ ಶಾಲೆ ತೆರೆಯಬೇಕೆಂಬ ಬೇಡಿಕೆಯನ್ನು ತನ್ನ ಕೆಲಸದ ಭಾಗವೆಂದೇ ಎಣಿಸಬೇಕಾಗಿದೆ.